ಸಹಾಯ ಬೇಕು: 254ನೇ ವಿಧಿಯ ಕುರಿತು ಒಂದು ಸಂದೇಹ

ಎಲ್ಲರಿಗೂ ನಮಸ್ಕಾರ. ಪಿಯುಸಿ ವಿದ್ಯಾರ್ಥಿಗಳಿಗೆ ರಾಜ್ಯಶಾಸ್ತ್ರ ಪಾಠ ಹೇಳುವ ನನಗೆ, ಕೇಂದ್ರ ಮತ್ತು ರಾಜ್ಯಗಳ ನಡುವಿನ ಅಧಿಕಾರ ಹಂಚಿಕೆಯ ಒಂದು ಅಂಶದಲ್ಲಿ ಬಲ್ಲವರ ನೆರವು ಬೇಕಾಗಿದೆ. ಏಳನೇ ಅನುಸೂಚಿಯ ಮೂರು ಪಟ್ಟಿಗಳನ್ನು ಬಾಯಿಪಾಠ ಮಾಡಿಸುವುದು ಸುಲಭ. ತೊಡಕಿರುವುದು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ. ಅಲ್ಲಿ ಎರಡರ ಕಾನೂನುಗಳು ಪರಸ್ಪರ ವಿರುದ್ಧವಾದರೆ ಯಾವುದು ನಿಲ್ಲುತ್ತದೆ ಎಂದು ಹೇಳುವುದೇ ಸಂವಿಧಾನದ 254ನೇ ವಿಧಿ. ತರಗತಿಯಲ್ಲಿ ಕಂಬಳದ ಉದಾಹರಣೆ ಕೊಟ್ಟೆ. ಪ್ರಾಣಿಹಿಂಸೆ ತಡೆ ಆ ಪಟ್ಟಿಯ 17ನೇ ನಮೂದು. ಸಂಸತ್ತಿನ 1960ರ ಕಾಯ್ದೆ ಜಾರಿಯಲ್ಲಿದ್ದರೂ, ಕರ್ನಾಟಕವು 2017ರಲ್ಲಿ ಅದಕ್ಕೆ ತನ್ನದೇ ತಿದ್ದುಪಡಿ ತಂದು, ರಾಷ್ಟ್ರಪತಿಗಳ ಅಂಕಿತ ಪಡೆದು, ಕಂಬಳಕ್ಕೆ ವಿನಾಯಿತಿ ನೀಡಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ನಾಳೆ ಸಂಸತ್ತು ಬೇರೆ ಕಾನೂನು ಮಾಡಿದರೆ ಕಂಬಳದ ಗತಿ ಏನು ಸಾರ್?" ಎಂದ. (ಪಠ್ಯಪುಸ್ತಕಕ್ಕಿಂತ ಒಳ್ಳೆಯ ಪ್ರಶ್ನೆ!) 254(2)ರ ಪರಂತುಕದಂತೆ (ಅದಕ್ಕೆ ಸೇರಿಸಿರುವ ಷರತ್ತಿನಂತೆ) ಸಂಸತ್ತು ರಾಜ್ಯದ ಕಾನೂನನ್ನು ತಿದ್ದಬಹುದು, ರದ್ದೂ ಮಾಡಬಹುದು ಎಂದೆ. ಆದರೆ ಸಂಸತ್ತಿನ ಹೊಸ ಕಾನೂನು ರಾಜ್ಯದ ಕಾನೂನಿನ ಹೆಸರೆತ್ತದೆ, ಅದರ ಒಂದೆರಡು ಕಲಂಗಳಿಗೆ ಮಾತ್ರ ವಿರುದ್ಧವಾಗಿದ್ದರೆ, ಬೀಳುವುದು ಆ ಕಲಂಗಳಷ್ಟೇ ಅಥವಾ ಇಡೀ ತಿದ್ದುಪಡಿಯೇ? ವಕೀಲ ಮಿತ್ರರು ಯಾರಾದರೂ ಸಂಬಂಧಪಟ್ಟ ತೀರ್ಪುಗಳೊಂದಿಗೆ ವಿವರಿಸಿದರೆ ಉಪಕಾರವಾಗುತ್ತದೆ. ಸೋಮವಾರ ಆ ಹುಡುಗನಿಗೆ ಉತ್ತರ ಹೇಳಬೇಕಿದೆ.