ಸಹಾಯ ಬೇಕು: ಒಂದೇ ಫ್ರೇಮ್, ಎರಡು ನೋಡ್‌ಗೆ ಸರಿ, ಮೂರನೆಯದಕ್ಕೆ ತಪ್ಪು

ಎಲ್ಲರಿಗೂ ನಮಸ್ಕಾರ. ಟೈಮ್-ಟ್ರಿಗರ್ಡ್ ಬಸ್‌ಗೆ (ಪ್ರತಿ ನೋಡ್ ತನಗೆ ಗೊತ್ತುಮಾಡಿದ ಸಮಯದ ಸ್ಲಾಟ್‌ನಲ್ಲಷ್ಟೇ ಫ್ರೇಮ್, ಅಂದರೆ ಸಂದೇಶ, ಕಳಿಸೋ ಜಾಲ) ಕಮ್ಯುನಿಕೇಶನ್ ಕಂಟ್ರೋಲರ್ ಚಿಪ್ ವಿನ್ಯಾಸ ಮಾಡ್ತಿದ್ದೀನಿ, ಸದ್ಯ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ಆಗಿ ಹೊಂದಿಸಬಹುದಾದ ಚಿಪ್) ಮೇಲೆ ಓಡ್ತಿದೆ. ನಾಲ್ಕು ನೋಡ್, ಎರಡು ಚಾನೆಲ್. ಬ್ರೇಕ್‌ನಂಥ ಕಡೆ ಬಳಸೋ ಚಿಪ್, ಹಾಗಾಗಿ "ಸಾಮಾನ್ಯವಾಗಿ ಸರಿ ಇರುತ್ತೆ" ಅಂದರೆ ಸಾಲದು.

ಒಂದು ನೋಡ್‌ನ ಕ್ಲಾಕ್ ನಡೆಸೋ ಕ್ರಿಸ್ಟಲ್ ಬಿಸಿ ಮಾಡ್ತಾ ಹೋದೆ. ತಿದ್ದುವ ಮಿತಿ ದಾಟುತ್ತಿದ್ದಂತೆ ಅದರ ಫ್ರೇಮ್ ಸ್ಲಾಟ್‌ನ ಅಂಚಿಗೆ ಜಾರಿತು. ಎರಡು ನೋಡ್ ಅದನ್ನ ಒಪ್ಪಿಕೊಂಡವು, ಮೂರನೆಯದು ತಿರಸ್ಕರಿಸಿತು. ಕೊನೆಗೆ ಮೆಂಬರ್‌ಶಿಪ್‌ನಿಂದ (ಸರಿಯಿವೆ ಅಂತ ಎಣಿಸಿದ ನೋಡ್‌ಗಳ ಪಟ್ಟಿಯಿಂದ) ಹೊರಬಿದ್ದದ್ದು ಆ ಮೂರನೆಯದೇ! ತಪ್ಪು ಮಾಡಿದ ನೋಡ್ ಒಳಗೇ ಉಳೀತು. ಇದು ನನ್ನ ನಿದ್ದೆ ಕೆಡಿಸಿದೆ.

ಕ್ಲಾಕ್ ಹೊಂದಿಸೋಕೆ ಅತಿ ಹೆಚ್ಚು, ಅತಿ ಕಡಿಮೆ ಅಳತೆ ಬಿಟ್ಟು ಉಳಿದೆರಡರ ಸರಾಸರಿ ತಗೊಳ್ತೀನಿ. 3ಕೆ+1 ಲೆಕ್ಕದಲ್ಲಿ (ಕೆ ದೋಷ ತಡೆಯೋಕೆ ಅಷ್ಟು ನೋಡ್ ಬೇಕು) ನಾಲ್ಕು ನೋಡ್ ಒಂದು ದೋಷ ತಡೀಬೇಕು. ಸರಿಯಿರೋ ಮೂರರ ಕ್ಲಾಕ್ ನಿಜಕ್ಕೂ ಕೂಡಿಯೇ ಇವೆ. ನನ್ನ ಅನುಮಾನ ಬಸ್ ಗಾರ್ಡಿಯನ್ ಮೇಲೆ, ಅಂದರೆ ನೋಡ್ ತನ್ನ ಸ್ಲಾಟ್ ಬಿಟ್ಟು ಕಳಿಸದಂತೆ ಕಾಯೋ ಸರ್ಕ್ಯೂಟ್ ಮೇಲೆ. ಜಾಗ ಉಳಿಸೋಕೆ ಅದನ್ನೂ ಅದೇ ಚಿಪ್‌ನಲ್ಲಿ, ಅದೇ ಕ್ರಿಸ್ಟಲ್‌ಗೆ ಕಟ್ಟಿದ್ದೆ. ಕಂಟ್ರೋಲರ್ ಜಾರಿದರೆ ಕಾವಲುಗಾರನೂ ಜೊತೆಗೇ ಜಾರ್ತಾನೆ.

ಗಾರ್ಡಿಯನ್‌ಗೆ ಬೇರೆ ಕ್ರಿಸ್ಟಲ್ ಕೊಟ್ಟರೆ ಸಾಕಾ? ಇಲ್ಲಾ ಅದನ್ನ ಸ್ಟಾರ್ ಕಪ್ಲರ್‌ಗೆ (ಎಲ್ಲ ನೋಡ್‌ಗಳನ್ನ ನಡುವೆ ಜೋಡಿಸೋ ಸಾಧನಕ್ಕೆ) ಸರಿಸಿ, ಸಿಗ್ನಲ್‌ನ ಸಮಯ, ವೋಲ್ಟೇಜ್ ಎರಡನ್ನೂ ಅಲ್ಲೇ ಹೊಸದಾಗಿ ರೂಪಿಸಬೇಕಾ? ಇಂಥ ಅಂಚಿನ ದೋಷವನ್ನ ಬೇಕೆಂದಾಗ ಹುಟ್ಟಿಸಿ ಪರೀಕ್ಷೆ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ವೇವ್‌ಫಾರ್ಮ್ ಕೇಳಿದವರಿಗೆ ಕಳಿಸ್ತೀನಿ.