ನನ್ನ ತೋಟದ ವಿಡಿಯೋಗೆ "ಎಕರೆಗೆ 27 ಲಕ್ಷ" ಅಂತ ಹೆಸರಿಟ್ಟಿದಾರೆ, ಏನು ಮಾಡಲಿ?

ಸೂಳೆಕೆರೆ ಬಯಲು

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಗಿರಿ ತಾಲ್ಲೂಕು, ಸಂತೇಬೆನ್ನೂರು ಕಡೆ. ಎರಡು ಎಕರೆ ಅಡಿಕೆ, ಒಂದೂವರೆ ಎಕರೆ ಮೆಕ್ಕೆಜೋಳ. ದೊಡ್ಡ ಕುಳ ಏನಲ್ಲ.

ದೀಪಾವಳಿ ಕಳೆದು ಕೊನೆ (ಅಡಿಕೆ ಗೊನೆ) ಇಳಿಸೋ ಹೊತ್ತಲ್ಲಿ ಇಬ್ಬರು ಹುಡುಗರು ಬಂದ್ರು. ಕ್ಯಾಮೆರಾ, ಕಾಲರ್‌ಗೆ ಸಿಕ್ಕಿಸೋ ಮೈಕು, ಡ್ರೋನು ಎಲ್ಲಾ ಇತ್ತು. ಕೃಷಿ ಚಾನೆಲ್ ಮಾಡ್ತೀವಿ, ನಿಮ್ಮ ತೋಟ ಚೆನ್ನಾಗಿದೆ ಅಂತ ಕೇಳಿ ಬಂದ್ವಿ ಅಂದ್ರು. ಬಂದೋರನ್ನ ಹಾಗೇ ಕಳಿಸೋಕಾಗುತ್ತಾ? ಮನೆಯವರು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಚಹಾ ಕೊಟ್ರು. ಮೂರು ಗಂಟೆ ಶೂಟಿಂಗ್ ಮಾಡಿದ್ರು. ನಾನೂ ಒಂದೂ ಮುಚ್ಚಿಡದೆ ಹೇಳಿದೆ. ಮೂರು ಬೋರಲ್ಲಿ ಒಂದು ಬತ್ತಿದ್ದು, ಬೇಸಿಗೆಲಿ ಟ್ಯಾಂಕರ್ ಹೊಡೆಸಿದ್ದು, ಕೆಳಗಿನ ಸಾಲಲ್ಲಿ ಹಿಡಿಮುಂಡಿಗೆ ರೋಗ ಬಂದು ಮರ ಹೋಗಿದ್ದು. ಎಕರೆಗೆ ಎಷ್ಟು ಬರುತ್ತೆ ಅಂತ ಕೇಳಿದ್ರು. ಹಸಿ ಅಡಿಕೆ 55 ಕ್ವಿಂಟಲ್ ಅಂದೆ.

ವಾರ ಬಿಟ್ಟು ವಿಡಿಯೋ ಬಂತು. 11 ನಿಮಿಷ. ಬೋರೂ ಇಲ್ಲ, ಟ್ಯಾಂಕರೂ ಇಲ್ಲ. ಮೊದಲಿಗೆ ನನ್ನ ಫೋಟೋ, ಪಕ್ಕದಲ್ಲಿ ಐನೂರರ ನೋಟಿನ ಕಟ್ಟುಗಳು (ಅಷ್ಟು ನೋಟು ನಾನು ಬ್ಯಾಂಕಲ್ಲೂ ನೋಡಿಲ್ಲ), ಮೇಲೆ ಕೆಂಪಕ್ಷರದಲ್ಲಿ "ಎಕರೆಗೆ 27 ಲಕ್ಷ!" ಆ ಲೆಕ್ಕ ಎಲ್ಲಿಂದ ಬಂತು ಅಂತ ರಾತ್ರಿ ಕೂತು ಯೋಚನೆ ಮಾಡಿದೆ. ನಾನು ಹೇಳಿದ 55 ಕ್ವಿಂಟಲ್ ಹಸಿ ಅಡಿಕೆಗೆ, ರಾಶಿ ಅನ್ನೋ ದರ್ಜೆಯ ಒಣ ಅಡಿಕೆಯ ಕ್ವಿಂಟಲ್ ರೇಟು 50 ಸಾವಿರ ಹಿಡಿದು ಗುಣಿಸಿಬಿಟ್ಟಿದಾರೆ! ಹಸಿ ಅಡಿಕೆ ಒಂದು ಕ್ವಿಂಟಲ್ ಸುಲಿದು, ಬೇಯಿಸಿ, ಒಣಗಿಸಿದ್ರೆ ಕೈಗೆ ಸಿಗೋದು 12-13 ಕೆಜಿ. 55ಕ್ಕೆ ಏಳು ಕ್ವಿಂಟಲ್ ಹತ್ತತ್ರ. ಆ ರೇಟಲ್ಲೂ ಮೂರೂವರೆ ಲಕ್ಷ ಮುಟ್ಟಲ್ಲ. ಅದರಲ್ಲಿ ಕೊನೆ ಇಳಿಸೋರು, ಸುಲಿಸೋದು, ಸೌದೆ, ಗೊಬ್ಬರ, ಮಣ್ಣು ಹೊಡೆಸಿದ್ದು ಕಳೆದ್ರೆ ಎಷ್ಟು ಉಳಿಯುತ್ತೆ ಅಂತ ಬೆಳೆಯೋರಿಗೆ ಗೊತ್ತು.

ಊರಲ್ಲಿ ನಗ್ತಾರೆ, ನಗಲಿ ಬಿಡಿ. ಆದ್ರೆ ದಾರಿ ಕೇಳೋಕೆ ಅಂತ ಇಸ್ಕೊಂಡ ನನ್ನ ಫೋನ್ ನಂಬರನ್ನ ವಿಡಿಯೋ ಮೇಲೇ ಹಾಕಿದಾರೆ. ದಿನಕ್ಕೆ ಐವತ್ತು ಫೋನು. ಬೆಂಗಳೂರಿಂದ ಒಬ್ಬರು ಕೆಲಸ ಬಿಟ್ಟು ಬರ್ಲಾ ಅಂತ ಕೇಳಿದ್ರು. ಭಾಮೈದ ಮೂರು ಲಕ್ಷ ಕೈಗಡ ಕೇಳಿದ, ಇಲ್ಲ ಅಂದಿದ್ದಕ್ಕೆ ಮಾತು ಬಿಟ್ಟಿದಾನೆ. ಮೊನ್ನೆ ಜಗಳೂರು ಕಡೆಯಿಂದ ಅಣ್ಣ ತಮ್ಮ ಇಬ್ಬರು ಬೈಕಲ್ಲೇ ಬಂದಿದ್ರು. ಮೆಕ್ಕೆಜೋಳ ಬಿಟ್ಟು ಅಡಿಕೆ ಹಾಕ್ತಾರಂತೆ. ಬೋರು ಎಷ್ಟಡಿ ಅಂದೆ. ಆರುನೂರೈವತ್ತು, ಒಂದೂವರೆ ಇಂಚು ನೀರು ಅಂದ್ರು. ಎದೆ ಧಸಕ್ ಅಂತು. ಊಟಕ್ಕೆ ಕೂರಿಸಿ ಲೆಕ್ಕ ಎಲ್ಲಾ ಬಿಡಿಸಿ ಹೇಳಿದೆ. ತಲೆ ಆಡಿಸಿದ್ರು. ನಂಬಿದ್ರೋ, ಗುಟ್ಟು ಮುಚ್ಚಿಡ್ತಾನೆ ಅಂದ್ಕೊಂಡ್ರೋ.

ವಿಡಿಯೋ ತೆಗೆಸೋದು ಹೆಂಗೆ? ಆ ಹುಡುಗರು ಫೋನ್ ಎತ್ತಲ್ಲ. ಇನ್ನೊಂದು, ನಾವು ಹೇಳಿದ್ದನ್ನ ಹೇಳಿದ ಹಾಗೇ ಹಾಕೋ ಕೃಷಿ ಪತ್ರಿಕೆ, ಚಾನೆಲ್ಲು ಯಾವುದಾದ್ರೂ ಉಳಿದಿದೆಯಾ?

ಮಂಡಿಪೇಟೆ ಮಂಜ

27 ಲಕ್ಷದ ಅಣ್ಣಾ, ಆ ಬಜ್ಜಿ ಖರ್ಚು ಕಳೆದ್ರಾ ಇಲ್ವಾ?

ಹಳೇ ವರದಿಗಾರ

ದಾವಣಗೆರೆಯಲ್ಲಿ ಹದಿನೆಂಟು ವರ್ಷ ಪತ್ರಿಕೆಗೆ ಸುದ್ದಿ ಬರೆದವನು ನಾನು. ಹಸಿ-ಒಣ ಕಲಸುವುದು ಈ ಹುಡುಗರು ಕಂಡುಹಿಡಿದದ್ದಲ್ಲ. 2022ರಲ್ಲಿ ಭೂತಾನ್‌ನಿಂದ 17,000 ಟನ್ ಅಡಿಕೆ ತರಲು ಕೇಂದ್ರ ಒಪ್ಪಿಗೆ ಕೊಟ್ಟಿತಲ್ಲ, ಆಗ "ಅಡಿಕೆ ಬೆಳೆಗಾರ ಮುಗಿದ" ಎಂದು ಎಷ್ಟು ವಿಡಿಯೋ ಬಂದವು ನೆನಪಿದೆಯೇ? ಆದೇಶದಲ್ಲಿ ಇದ್ದದ್ದು ಹಸಿ ಅಡಿಕೆ. ನಿಮ್ಮದೇ ಲೆಕ್ಕ ಹಿಡಿದರೆ ಒಣಗಿದ ಮೇಲೆ ಎರಡು ಸಾವಿರ ಟನ್ನಿನ ಆಸುಪಾಸು. ಕನಿಷ್ಠ ಆಮದು ಬೆಲೆ (ಇದಕ್ಕಿಂತ ಅಗ್ಗದ ಮಾಲು ಒಳಗೆ ಬಿಡುವುದಿಲ್ಲ ಎಂಬ ಗಡಿ) ಇಲ್ಲದೆ ಬಿಟ್ಟದ್ದು ತಪ್ಪೇ, ಅದನ್ನು ವಿರೋಧಿಸಿದ್ದೂ ಸರಿಯೇ. ಆದರೆ 17,000 ಟನ್ ಒಣ ಅಡಿಕೆ ಬಂದಿಳಿಯುತ್ತದೆ ಎಂದು ಹೆದರಿ ಸಿಕ್ಕ ಬೆಲೆಗೆ ಮಾಲು ಬಿಟ್ಟುಕೊಟ್ಟವರನ್ನು ನಾನೇ ಮಂಡಿಯಲ್ಲಿ ಕಂಡಿದ್ದೇನೆ. ಮುಂದಿನ ಫೆಬ್ರವರಿಯಲ್ಲಿ, 2023ರಲ್ಲಿ, ಕನಿಷ್ಠ ಆಮದು ಬೆಲೆ ಕೆಜಿಗೆ 251ರಿಂದ 351 ರೂಪಾಯಿಗೆ ಏರಿತು. ಅದೇ ಚಾನೆಲ್‌ಗಳು "ಅಡಿಕೆ ಬೆಳೆಗಾರ ರಾಜ" ಎಂದವು.

ನಮ್ಮ ಪತ್ರಿಕೆಯವರೂ ಸಾಚಾ ಅಲ್ಲ. ಎಪಿಎಂಸಿಯಿಂದ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಬೆಲೆ ಬರುತ್ತವೆ. ಹೆಚ್ಚು ಮಾಲು ಮಾರಾಟವಾದದ್ದು ಮಾದರಿ ಬೆಲೆಗೆ. ತಲೆಬರಹಕ್ಕೆ ಹತ್ತುವುದು ಮಾತ್ರ ಗರಿಷ್ಠ, ಒಬ್ಬರ ನಾಲ್ಕು ಚೀಲಕ್ಕೆ ಸಿಕ್ಕಿದ ಬೆಲೆ. ನಾನೂ ಹಾಗೇ ಬರೆದಿದ್ದೇನೆ, ಡೆಸ್ಕಿನಲ್ಲಿ ಕೇಳುತ್ತಿದ್ದದ್ದೇ ಅದು. ಮೂರೂ ಬೆಲೆ ಬೇಕಿದ್ದರೆ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನವೂ ಇರುತ್ತದೆ. ಚನ್ನಗಿರಿಯದ್ದನ್ನೂ ಶಿವಮೊಗ್ಗದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಬಬ್ಬೂರು ಕೇಳುಗ

ಮಾನ್ಯರೇ, ನನಗೀಗ ಎಪ್ಪತ್ತೊಂದು. ಹಿರಿಯೂರು ಸೀಮೆಯವನು. ಚಿತ್ರದುರ್ಗ ಆಕಾಶವಾಣಿಯ ರೈತರ ಕಾರ್ಯಕ್ರಮ ಕೇಳುತ್ತಾ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಚಾಳಿ. ಒಟ್ಟು ಒಂಬತ್ತು ಪುಸ್ತಕ ಆಗಿವೆ, ಒಂದನ್ನು ಮೊಮ್ಮಗ ಹರಿದ.

2018ರಲ್ಲಿ ಮೆಕ್ಕೆಜೋಳಕ್ಕೆ ಹೊಸ ಸೈನಿಕ ಹುಳು ಬಂತಲ್ಲ. ದೇಶದಲ್ಲೇ ಮೊದಲು ಅದನ್ನು ಗುರುತಿಸಿದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ, ಆ ವರ್ಷದ ಮೇ ತಿಂಗಳಲ್ಲಿ. ಸುಳಿಯೊಳಗೆ ಕೂತು ಹಿಕ್ಕೆ ಹಾಕಿಕೊಂಡು ತಿನ್ನುವ ಹುಳು. ವಾಟ್ಸಾಪಿನಲ್ಲಿ ಯಾರೋ ಬಟ್ಟೆ ಸೋಪಿನ ಪುಡಿ ಹಾಕಿ ಅಂದರು, ಇನ್ಯಾರೋ ಔಷಧಿ "ಒಂದು ಮುಚ್ಚಳ" ಅಂದರು. ಮುಚ್ಚಳ ಅಂದರೆ ಯಾವ ಬಾಟಲಿಯ ಮುಚ್ಚಳ? ನನ್ನ ಪುಸ್ತಕದಲ್ಲಿ ಹೀಗಿದೆ: ಎಮಾಮೆಕ್ಟಿನ್ ಬೆಂಜೋಯೇಟ್ ಎಂಬ ಕೀಟನಾಶಕ ಲೀಟರ್ ನೀರಿಗೆ 0.4 ಗ್ರಾಂ. ಹುಳು ದೊಡ್ಡದಾಗಿದ್ದರೆ ವಿಷಪಾಷಾಣ (ಹುಳು ತಿಂದು ಸಾಯುವ ವಿಷದ ತಿನಿಸು): 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರಲ್ಲಿ ಕಲಸಿ ಒಂದು ದಿನ ಹುಳಿಯಲು ಬಿಟ್ಟು, ಹಾಕುವ ಅರ್ಧ ಗಂಟೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಸೇರಿಸಿ ಸುಳಿಗೆ ಉದುರಿಸುವುದು. ರೇಡಿಯೋದವರು ಎರಡೆರಡು ಸಲ ನಿಧಾನವಾಗಿ ಹೇಳುತ್ತಿದ್ದರು, ಬರೆದುಕೊಳ್ಳುವವರಿಗೆ ಅಂತಲೇ.

ಬೇಸರವೂ ಆಗುತ್ತಿತ್ತು ಅನ್ನಿ. ಒಮ್ಮೊಮ್ಮೆ ಅಧಿಕಾರಿಗಳು ಕಾಗದ ನೋಡಿಕೊಂಡು ಓದುವಾಗ ನಮ್ಮ ಎತ್ತೂ ಆಕಳಿಸುತ್ತಿತ್ತು. ಆದರೆ ಅಳತೆ ತಪ್ಪಿ ಬೆಳೆ ಸುಟ್ಟವರನ್ನು ನಾನು ಕಾಣಲಿಲ್ಲ. ಈಗ ರೇಡಿಯೋ ಸರಿಯಾಗಿ ಸಿಗದವರು 1800-180-1551ಕ್ಕೆ ಮಾಡಬಹುದು, ಕಿಸಾನ್ ಕಾಲ್ ಸೆಂಟರ್, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲೇ ಮಾತಾಡುತ್ತಾರೆ. ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರವೇ ಇದೆ.

ಮೈಕ್ ಹಿಡಿದ ಮಗಳು

ನಾನೂ ಒಂದು ಪುಟ್ಟ ಕೃಷಿ ಚಾನೆಲ್ ನಡೆಸ್ತೀನಿ, ಚಳ್ಳಕೆರೆ ಕಡೆ. ಶೇಂಗಾ, ಈರುಳ್ಳಿ, ಕುರಿ. ಬೈಯೋ ಮುಂಚೆ ಸ್ವಲ್ಪ ಕೇಳಿ ಅಣ್ಣಾ.

"ಶೇಂಗಾ ಬೀಜೋಪಚಾರ" ಅಂತ ಹೆಸರಿಟ್ಟ ನನ್ನ ವಿಡಿಯೋ ನೋಡಿದೋರು ನಾನೂರು ಜನ, ಅದರಲ್ಲಿ ಅರ್ಧ ನಮ್ಮ ನೆಂಟರೇ. ಅದನ್ನೇ "ಈ ತಪ್ಪು ಮಾಡಿದರೆ ಶೇಂಗಾ ನಾಶ" ಅಂತ ಬದಲಾಯಿಸಿದೆ, ಹದಿಮೂರು ಸಾವಿರ ದಾಟ್ತು. ಒಳಗಿರೋದು ಅದೇ ವಿಡಿಯೋ! ಅಂದ್ರೆ ಹೆಸರು ಜೋರಾಗಿರೋದು ನನಗೆ ತಪ್ಪು ಅನ್ಸಲ್ಲ. ಲೆಕ್ಕ ಸುಳ್ಳು ಹೇಳೋದು ತಪ್ಪು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನಿಮ್ಮ ವಿಡಿಯೋ ಹುಡುಕಿ ನೋಡಿದೆ (27 ಲಕ್ಷ, ಸಂತೇಬೆನ್ನೂರು ಅಂತ ಹೊಡೆದ ತಕ್ಷಣ ಬಂತು, ಟೋಪಿ ಚೆನ್ನಾಗಿದೆ). ವಿವರಣೆ ಬಿಚ್ಚಿ ಕೆಳಗೆ ನೋಡಿದೀರಾ? ಮೊದಲು ಒಂದು ನರ್ಸರಿ ನಂಬರ್ ಇದೆ, "ಇದೇ ತಳಿಯ ಸಸಿಗಳಿಗೆ ಸಂಪರ್ಕಿಸಿ" ಅಂತ. ನೀವು ಅಲ್ಲಿಂದ ಸಸಿ ತಂದಿದ್ರಾ? ಇಲ್ಲ ಅಂದ್ರೆ ನಿಮ್ಮ ತೋಟ ತೋರಿಸಿ ಬೇರೆಯೋರ ಸಸಿ ಮಾರ್ತಿದಾರೆ. ನನಗೂ ಇಂಥ ಫೋನ್ ಬರುತ್ತೆ, ವಿಡಿಯೋಗೆ ಇಷ್ಟು ಅಂತ. ಒಂದು ಸಲ ಗೊಬ್ಬರದವರದ್ದು ಒಪ್ಪಿಕೊಂಡಿದೀನಿ, ಸುಳ್ಳು ಯಾಕೆ ಹೇಳ್ಲಿ. ಜಾಹೀರಾತು ಅಂತ ಬಾಯಲ್ಲೇ ಹೇಳಿ ಮಾಡಿದೆ, ಆಮೇಲೆ ಅವರು ಮತ್ತೆ ಕರೀಲಿಲ್ಲ.

ತೆಗೆಸೋಕೆ: ಯೂಟ್ಯೂಬಲ್ಲಿ ಗೋಪ್ಯತೆ ದೂರು ಅಂತ ಬೇರೇನೇ ಇದೆ, ಮಾಮೂಲಿ ರಿಪೋರ್ಟ್ ಬಟನ್ ಅಲ್ಲ. ನಿಮ್ಮ ಫೋನ್ ನಂಬರ್ ಯಾವ ನಿಮಿಷ, ಎಷ್ಟನೇ ಸೆಕೆಂಡಲ್ಲಿ ಕಾಣುತ್ತೆ ಅಂತ ಬರೆದು ಕಳಿಸಿ. ಹಾಕಿದವರಿಗೆ 48 ಗಂಟೆ ಟೈಮ್ ಕೊಡ್ತಾರೆ, ಅವರು ತೆಗೀಲಿಲ್ಲ ಅಂದ್ರೆ ಯೂಟ್ಯೂಬಿನವರೇ ನೋಡ್ತಾರೆ. ನಂಬರ್ ಹೋಗುತ್ತೆ. 27 ಲಕ್ಷ ಅನ್ನೋದು ಹೋಗೋದು ಕಷ್ಟ, ಉತ್ಪ್ರೇಕ್ಷೆಗೆ ಬಟನ್ ಇಲ್ಲ.

ಸೂಳೆಕೆರೆ ಬಯಲು

ತಂಗೀ, ನರ್ಸರಿ ನಂಬರ್ ನಾನು ನೋಡೇ ಇರ್ಲಿಲ್ಲ. ನಮ್ಮ ಸಸಿ ನಮ್ಮಪ್ಪ ಮನೆ ಹಿತ್ತಲಲ್ಲೇ ಗೋಟು (ಬಲಿತ ಬೀಜದ ಅಡಿಕೆ) ಹಾಕಿ ಎಬ್ಬಿಸಿದ್ದು, ಇಪ್ಪತ್ತೆರಡು ವರ್ಷದ ತೋಟ. ಆ ನರ್ಸರಿ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿಲ್ಲ. ಜಗಳೂರಿನವರು "ಅಡ್ವಾನ್ಸ್ ಕೊಟ್ಟಿದೀವಿ" ಅಂದಾಗ ಯಾರಿಗೆ ಅಂತ ನಾನು ಕೇಳೇ ಇರ್ಲಿಲ್ಲ. ಈಗ ಅರ್ಥ ಆಯ್ತು.

ಭೀಮಸಮುದ್ರ ಬೆಟ್ಟೆ

ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ವಲ್ರೀ. ಪುತ್ತೂರಿನ "ಅಡಿಕೆ ಪತ್ರಿಕೆ" ತರಿಸಿ. 1988ರಿಂದ ತಿಂಗಳಿಗೊಂದು ಬರುತ್ತೆ, ಬೆಳೆಗಾರರೇ ಹುಟ್ಟುಹಾಕಿದ್ದು. ಶ್ರೀ ಪಡ್ರೆಯವರು ಕಾರ್ಯನಿರ್ವಾಹಕ ಸಂಪಾದಕರು. "ಕೃಷಿಕರ ಕೈಗೆ ಲೇಖನಿ" ಅಂತ ಅವರ ಮಾತು. ಬರೆಯೋರು ಹೆಚ್ಚಿನವರು ರೈತರೇ. ಯಾರೋ ಬಂದು ನಿಮ್ಮ ಬಾಯಿಂದ ಹೇಳಿಸೋದಲ್ಲ, ನೀವೇ ಕೂತು ಬರೀಬೇಕು.

ಒಂದು ಮಾತು. ಅದು ಕರಾವಳಿ ಕಡೆಯ ಪತ್ರಿಕೆ, ಅವರದ್ದು ಚಾಲಿ. ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸಿ ಆಮೇಲೆ ಸುಲೀತಾರೆ, ಕೆಜಿ ಲೆಕ್ಕದಲ್ಲಿ ಮಾತಾಡ್ತಾರೆ. ನಮ್ಮದು ಹಸಿ ಸುಲಿದು, ಚೊಗರಲ್ಲಿ (ಹಿಂದೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ನೀರಲ್ಲಿ) ಬೇಯಿಸೋ ಕೆಂಪಡಿಕೆ, ಕ್ವಿಂಟಲ್ ಲೆಕ್ಕ. ರೇಟು, ಇಳುವರಿ ಓದುವಾಗ ಅದು ತಲೇಲಿರಲಿ. ನಮ್ಮ ಹುಡುಗ ಒಂದು ಸಲ ಚಾಲಿ ರೇಟು ನೋಡಿ "ಅಪ್ಪಾ ಅಡಿಕೆ ಬಿದ್ದೋಯ್ತು" ಅಂತ ರಾತ್ರಿ ಹನ್ನೊಂದಕ್ಕೆ ಎಬ್ಬಿಸಿದ್ದ.

ನಿಮ್ಮ ಬತ್ತಿದ ಬೋರು, ಹಿಡಿಮುಂಡಿಗೆ, ಟ್ಯಾಂಕರ್ ಲೆಕ್ಕ, ಈ ವಿಡಿಯೋ ಪುರಾಣ ಎಲ್ಲಾ ಎರಡು ಪುಟ ಬರೆದು ಕಳಿಸಿ. ಇಲ್ಲಿ ಬರೆದಿರೋದನ್ನೇ ಸ್ವಲ್ಪ ತಿದ್ದಿದ್ರೆ ಸಾಕು, ಚೆನ್ನಾಗಿ ಬರೀತೀರಿ.

ಮಂಡಿಪೇಟೆ ಮಂಜ

ತಮಾಷೆ ಬಿಟ್ಟು ಹೇಳ್ತೀನಿ, ಜಗಳೂರಿನವರಿಗೆ ಒಂದು ಫೋನ್ ಮಾಡಿ ಅಣ್ಣಾ. ಕೆರೆ ತುಂಬಿಸೋ ಯೋಜನೆಯ ನೀರು ಬಂದ ಮೇಲೆ ಆ ಕಡೆ ಎಲ್ಲರ ತಲೇಲೂ ಅಡಿಕೆನೇ. ಆ ಯೋಜನೆಯ 57 ಕೆರೆ ನಂಬಿ ತೋಟ ಕಟ್ಟಿದ್ರೆ ಮಳೆ ಕೈಕೊಟ್ಟ ವರ್ಷ ಏನ್ ಕತೆ?

ಸೂಳೆಕೆರೆ ಬಯಲು

ಫೋನ್ ಬೇಡ ಅಂತ ಭಾನುವಾರ ನಾನೇ ಹೋಗಿದ್ದೆ. ಎರಡು ಎಕರೆಗೆ ಒಂಬತ್ತಡಿಗೊಂದು ಗುಂಡಿ ಹೊಡೆಸಿದಾರೆ, ಸಾವಿರದ ಮೇಲಾಗುತ್ತೆ. ಸಸಿ ಇನ್ನೂ ಬಂದಿಲ್ಲ. ಅಣ್ಣನಾದೋನು ಮೌನ. ತಮ್ಮ ಮಾತ್ರ ಅಡ್ವಾನ್ಸ್ ವಾಪಸ್ ಕೇಳಿದ್ನಂತೆ, ದುಡ್ಡು ಕೊಡಲ್ಲ, ಬೇಕಾದ್ರೆ ತೆಂಗಿನ ಸಸಿ ತಗೊಳ್ಳಿ ಅಂದ್ರಂತೆ. ಒಂದು ಅರ್ಧ ಎಕರೆ ಮಾತ್ರ ಹಾಕಿ ನೋಡಿ, ಮಿಕ್ಕಿದ್ದು ಮುಚ್ಚಿ ಮೆಕ್ಕೆಜೋಳನೇ ಹಾಕಿ, ಫಸಲು ಕಾಣೋಕೆ ಐದಾರು ವರ್ಷ ಬೇಕು ಅಂದೆ. ಅವರ ತಾಯಿ ಒಳಗಿಂದ ಬಂದು "ನಾನೂ ಅದನ್ನೇ ಬಡ್ಕೊಂಡೆ ಕಣಪ್ಪಾ" ಅಂದ್ರು.

ದೂರು ಕೊಟ್ಟ ಮೂರನೇ ದಿನಕ್ಕೆ ನಂಬರ್ ಮಸುಕು ಮಾಡಿದಾರೆ, ತಂಗಿಗೆ ಥ್ಯಾಂಕ್ಸ್. ವಿಡಿಯೋ, 27 ಲಕ್ಷ ಎರಡೂ ಹಾಗೇ ಇವೆ. ಮಗನ ಫೋನಿಂದ ಅದರ ಕೆಳಗೆ ಕಾಮೆಂಟ್ ಹಾಕಿದೆ: ಹಸಿ 55 ಕ್ವಿಂಟಲ್, ಒಣಗಿದ್ರೆ ಏಳು, ಇಷ್ಟು ಖರ್ಚು, ಇಷ್ಟು ಉಳಿತಾಯ ಅಂತ ಪೂರ್ತಿ ಲೆಕ್ಕ. ಅದಕ್ಕೆ ಯಾರೋ ಉತ್ತರ ಕೊಟ್ಟಿದಾರೆ: "ಬೇರೆಯವರ ಉದ್ಧಾರ ಕಂಡ್ರೆ ಯಾಕ್ ಗುರು ನಿಂಗೆ ಹೊಟ್ಟೆ ಉರಿ? ಮೊದಲು ಆ ಯಜಮಾನ್ರ ತೋಟ ಹೋಗಿ ನೋಡ್ಕೊಂಡು ಬಾ."