ಕಸ ಸುರಿದು ದಂಡ ಕಟ್ಟಿದವರ ಫೋಟೋ ಫ್ಲೆಕ್ಸ್‌ನಲ್ಲಿ ಹಾಕಬಹುದಾ?

ಬಡಾವಣೆ_ಸಂಘ: ಬೆಂಗಳೂರಿನ ಬಡಾವಣೆ ಸಂಘದ ಪರವಾಗಿ ಕೇಳ್ತಿದ್ದೀನಿ. ಪಾರ್ಕ್ ಮೂಲೆಯ ಬ್ಲ್ಯಾಕ್‌ಸ್ಪಾಟ್‌ನಲ್ಲಿ ಕಸ ಎಸೆಯೋರಿಗೆ ಪಾಲಿಕೆಯ ಮಾರ್ಷಲ್‌ಗಳು ದಂಡ ಹಾಕ್ತಿದ್ದಾರೆ, ಆದರೆ ಬೀದಿಯಲ್ಲಿ ಯಾರಿಗೂ ಅದು ಗೊತ್ತೇ ಇಲ್ಲ. ಸಿಸಿಟಿವಿ ಫೋಟೋ, ಹೆಸರು, ಮನೆ ನಂಬರ್ ಸಮೇತ ಫ್ಲೆಕ್ಸ್ ಕಟ್ಟಿ, ವಾಟ್ಸಾಪ್ ಗ್ರೂಪಿಗೂ ಹಾಕೋಣ ಅಂತ ಕೆಲವರ ಒತ್ತಾಯ. ತೊಡಕೇನಾದರೂ ಇದೆಯಾ?

ಕೋರ್ಟು_ಕಟ್ಟೆ: ಬೇಡ ಸರ್. ಅನುಮತಿ ಇಲ್ಲದ ಫ್ಲೆಕ್ಸೇ ಅಪರಾಧ. 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಲ್ಲಿ 6 ತಿಂಗಳವರೆಗೆ ಜೈಲು ಅಥವಾ ₹1,000ದವರೆಗೆ ದಂಡ, ಇಲ್ಲವೇ ಎರಡೂ. ಕಸ ಎಸೆದವನನ್ನ ಬಿಟ್ಟು ಸಂಘವನ್ನೇ ಹಿಡೀತಾರೆ.

ಫೋಟೋ ವಿಚಾರ ಇನ್ನೂ ಸೂಕ್ಷ್ಮ. ಪ್ರತಿಭಟನೆಯಲ್ಲಿ ಆದ ಹಾನಿಗೆ ಪರಿಹಾರ ಕಟ್ಟಬೇಕೆಂದು ಲಖನೌದಲ್ಲಿ ಸರ್ಕಾರದವರು ಆರೋಪಿಗಳ ಫೋಟೋ, ಹೆಸರು, ವಿಳಾಸ ಹಾಕಿ ಹೋರ್ಡಿಂಗ್ ನಿಲ್ಲಿಸಿದ್ದರು. 2020ರ ಮಾರ್ಚ್ 9ರಂದು ಅಲಹಾಬಾದ್ ಹೈಕೋರ್ಟ್ ಅವನ್ನ ತೆಗೆಸಲು ಹೇಳಿತು: ಹೀಗೆ ಮಾಡೋಕೆ ಕಾನೂನಿನ ಬಲ ಇಲ್ಲ, ಇದು ಖಾಸಗಿತನದ ಉಲ್ಲಂಘನೆ. ಸರ್ಕಾರಕ್ಕೇ ಹೀಗಾದರೆ ಸಂಘದ ಪಾಡೇನು? ಜೊತೆಗೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 356ರ ಮಾನನಷ್ಟ. ಹಾಕಿದ್ದು ನಿಜ ಅಂದರೆ ಸಾಲದು, ಸಾರ್ವಜನಿಕ ಹಿತಕ್ಕೆ ಬೇಕಿತ್ತು ಅಂತಲೂ ತೋರಿಸಬೇಕಾಗುತ್ತೆ.

ನೆರೆಹೊರೆ: ಲಂಡನ್ನಿನ ಬ್ರೆಂಟ್‌ನಲ್ಲಿ ಪುಂಡ ಹುಡುಗರ ಫೋಟೋ ಇದ್ದ ಕರಪತ್ರ ಹಂಚಿದ್ದನ್ನ 2004ರಲ್ಲಿ ಅಲ್ಲಿನ ಹೈಕೋರ್ಟ್ ಒಪ್ಪಿತ್ತಲ್ಲ?

ಕೋರ್ಟು_ಕಟ್ಟೆ: ಒಪ್ಪಿತ್ತು. ಆದರೆ ಅಲ್ಲಿ ಆ ಹುಡುಗರು ಇಂಥ ಪ್ರದೇಶಕ್ಕೆ ಬರಬಾರದೆಂದು ಕೋರ್ಟಿನ ಆದೇಶ ಇತ್ತು. ಅದನ್ನ ಮೀರಿದರೆ ಅಕ್ಕಪಕ್ಕದವರು ಪೊಲೀಸರಿಗೆ ತಿಳಿಸೋಕೆ ಮುಖ ಗೊತ್ತಿರಬೇಕಿತ್ತು. ಇಲ್ಲಿ ದಂಡ ಕಟ್ಟಿ ರಸೀದಿ ಪಡೆದ ಮೇಲೆ ಮುಖ ತೋರಿಸಿ ಸಾಧಿಸೋದು ಏನೂ ಇಲ್ಲ.

ಒಣಕಸ_ಹಸಿಕಸ: ಜನಕ್ಕೆ ಮುಟ್ಟಬೇಕಾದ್ದು ಮುಖ ಅಲ್ಲ, "ಇಲ್ಲಿ ಸಿಕ್ಕಿಬೀಳ್ತೀವಿ" ಅನ್ನೋದು. ವಾರ್ಡ್ ಕಚೇರಿಯಿಂದಲೇ ಎ3 ಸೂಚನೆ ಹಾಕಿಸಿ: ಜಾಗ, ದಿನಾಂಕ, ಗಂಟೆ, ಕಟ್ಟಿದ ಮೊತ್ತ, ಕಸದ ಗಾಡಿ ಬರೋ ಸಮಯ. ಮೊತ್ತದ ಅಕ್ಷರ ಒಂದಿಂಚಾದರೂ ಎತ್ತರ ಇರಲಿ, ಹತ್ತಡಿಯಿಂದ ಓದಬಹುದು. ಕೆಂಪು ಶಾಯಿ ಬಿಸಿಲಿಗೆ ಬೇಗ ಮಾಸುತ್ತೆ, ಕಪ್ಪು ವಾಸಿ. ಅದೇ ಮಾತನ್ನ ಕಸದ ಆಟೋ ಮೈಕಿನಲ್ಲೂ ಹೇಳಿಸಿ. ಬಾಡಿಗೆ ಮನೆಯವರು, ಹೊಸದಾಗಿ ಬಂದವರು ನಿಮ್ಮ ಗ್ರೂಪಿನಲ್ಲಿ ಇರೋದೇ ಇಲ್ಲ.

"ಈ ತಿಂಗಳು 60 ಜನಕ್ಕೆ ದಂಡ" ಅಂತ ಮಾತ್ರ ಬರೀಬೇಡಿ, ಎಲ್ಲರೂ ಎಸೀತಾರಲ್ಲ ಅಂತ ಓದಿಕೊಳ್ತಾರೆ. "ಮೊನ್ನೆ ರಾತ್ರಿ 11ಕ್ಕೆ ಎಸೆದದ್ದು, ಬೆಳಿಗ್ಗೆ ದಂಡ" ಅನ್ನೋದು ನಾಟುತ್ತೆ. ತಿಂಗಳಾದ ಮೇಲೆ ಬದಲಿಸಿ, ಹಳೇ ಸೂಚನೆ ಅಂದರೆ ಯಾರೂ ಕಾಯ್ತಿಲ್ಲ ಅಂತ ಅರ್ಥ. ಮುಂದಿನ ತಿರುವಿನ ಮೇಲೂ ಕಣ್ಣಿಡಿ, ಗುಡ್ಡೆ ಅಲ್ಲಿಗೆ ಜಾರುತ್ತೆ. ಬ್ಲ್ಯಾಕ್‌ಸ್ಪಾಟ್ ಗುಡಿಸಿದ ದಿನವೇ ಅಲ್ಲಿ ರಂಗೋಲಿ ಹಾಕಿಸಿ, ಅದರ ಮೇಲೆ ಕಸ ಎಸೆಯೋಕೆ ಹಿಂಜರೀತಾರೆ.

ಬಡಾವಣೆ_ಸಂಘ: ಹಾಗಾದರೆ ಸಿಸಿಟಿವಿ ವಿಡಿಯೋ?

ಕೋರ್ಟು_ಕಟ್ಟೆ: ಗ್ರೂಪಿಗೆ ಬೇಡ, ಮಾರ್ಷಲ್‌ಗೆ ಕೊಡಿ. ಡಿಸ್ಕ್ ತುಂಬಿದರೆ ಹಳೇ ದೃಶ್ಯದ ಮೇಲೇ ಹೊಸದು ಬರೆಯುತ್ತೆ, ಹಾಗಾಗಿ ಅದೇ ದಿನ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಬೇಕು. ಗಾಡಿ ನಂಬರ್ ಸಿಕ್ಕಿತು ಅಂತ ಮಾಲೀಕನೇ ಎಸೆದ ಅಂದುಕೊಳ್ಳಬೇಡಿ. ಎಸೆದದ್ದು 18 ತುಂಬದ ಹುಡುಗನಾಗಿ ಪ್ರಕರಣ ಠಾಣೆಗೆ ಹೋಗಿದ್ದರೆ ಹೆಸರು, ಶಾಲೆ ಯಾವುದೂ ಹೊರಬರಕೂಡದು, ಬಾಲನ್ಯಾಯ ಕಾಯ್ದೆ 74ರಲ್ಲಿ ₹2 ಲಕ್ಷದವರೆಗೂ ದಂಡ ಇದೆ. ಡಿವಿಆರ್ (ಸಿಸಿಟಿವಿ ರೆಕಾರ್ಡರ್) ಗಡಿಯಾರವನ್ನೂ ಒಮ್ಮೆ ನೋಡಿ, ಅದು ತಪ್ಪು ತೋರಿಸ್ತಿದ್ದರೆ ವಿಡಿಯೋ ಇದ್ದೂ ವಾದ ಬೀಳುತ್ತೆ.